ಹಸಿವು ಆರದ ಮಗು: ಪ್ರೇಡರ್-ವಿಲ್ಲಿ ಸಿಂಡ್ರೋಮ್ ಇರುವ ಮನೆಗೆ ಒಂದು ಮಾರ್ಗದರ್ಶಿ

ರಾತ್ರಿ ಎರಡು ಗಂಟೆಗೆ ಅಡುಗೆಮನೆಯಲ್ಲಿ ಏನೋ ಸದ್ದಾಯಿತು ಎಂದು ಎದ್ದು ಹೋದೆ. ಮಗಳು ಕತ್ತಲಲ್ಲೇ ನೆಲದ ಮೇಲೆ ಕೂತಿದ್ದಳು. ಮಡಿಲಲ್ಲಿ ಸಕ್ಕರೆ ಡಬ್ಬಿ. ಬೆರಳು ಅದ್ದಿ ಅದ್ದಿ ನೆಕ್ಕುತ್ತಿದ್ದಳು, ಜೊತೆಗೇ ಬಿಕ್ಕುತ್ತಿದ್ದಳು. ಆಗ ಅವಳಿಗೆ ಆರು ವರ್ಷ. ಊಟ ಮಾಡಿಯೇ ಮಲಗಿದ್ದಳು. ನನ್ನನ್ನು ಕಂಡು ಮೊದಲು ಡಬ್ಬಿ ಬಚ್ಚಿಡಲು ನೋಡಿದಳು. ಆಮೇಲೆ ಕೈಬಿಟ್ಟು, "ಅಮ್ಮ, ನಿಲ್ಸೋಕೆ ಆಗ್ತಿಲ್ಲ" ಅಂದಳು.

ಅದು ಆಸೆಬುರುಕತನ ಅಲ್ಲ, ಹಟವೂ ಅಲ್ಲ ಎಂದು ನನಗೆ ನಿಜವಾಗಿ ಅರ್ಥವಾಗಿದ್ದು ಆ ರಾತ್ರಿ. ಅವಳಿಗಿರುವುದು ಪ್ರೇಡರ್-ವಿಲ್ಲಿ ಸಿಂಡ್ರೋಮ್. ಹೆಸರು ಗೊತ್ತಾಗಿ ಆಗಲೇ ವರ್ಷಗಳಾಗಿದ್ದವು. ಆದರೆ ಹೆಸರು ಗೊತ್ತಿರುವುದಕ್ಕೂ ಅದರ ಜೊತೆ ಬದುಕುವುದು ಗೊತ್ತಿರುವುದಕ್ಕೂ ತುಂಬಾ ದೂರ ಇದೆ.

ಡಾಕ್ಟರ ಕೋಣೆಯಿಂದ ಈ ಹೆಸರು ಬರೆದ ಕಾಗದ ಹಿಡಿದು ಈಗಷ್ಟೇ ಹೊರಗೆ ಬಂದ ಅಪ್ಪ ಅಮ್ಮಂದಿರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನಗೆ ಯಾರಾದರೂ ಯಾವ ವರಸೆಯಲ್ಲಿ ಹೇಳಿದ್ದರೆ ಒಳ್ಳೆಯದಿತ್ತೋ, ಅದೇ ವರಸೆಯಲ್ಲಿ ಹೇಳುತ್ತೇನೆ. ಯಾವ ಔಷಧಿ, ಎಷ್ಟು ಪ್ರಮಾಣ ಎನ್ನುವುದನ್ನು ನಿಮ್ಮ ಮಗುವನ್ನು ನೋಡುವ ಡಾಕ್ಟರೇ ತೀರ್ಮಾನಿಸಬೇಕು. ಮನೆಯೊಳಗೆ ಮಾಡಬೇಕಾದ್ದು ಬೇಕಾದಷ್ಟಿದೆ, ಅದನ್ನು ನಾವೇ ಮಾಡಬೇಕು.

ಮೊದಲ ಹೆಜ್ಜೆ: ಏನಾಗಿದೆ ಎಂದು ತಿಳಿದುಕೊಳ್ಳಿ

1956ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನ ಮೂವರು ವೈದ್ಯರು, ಆಂಡ್ರಿಯಾ ಪ್ರೇಡರ್, ಅಲೆಕ್ಸಿಸ್ ಲಾಬ್‌ಹಾರ್ಟ್ ಮತ್ತು ಹೈನ್‌ರಿಕ್ ವಿಲ್ಲಿ, ಈ ಸ್ಥಿತಿಯನ್ನು ವಿವರಿಸಿದರು. ಸುಮಾರು 15,000ದಿಂದ 20,000 ಮಕ್ಕಳಲ್ಲಿ ಒಬ್ಬರಿಗೆ ಇದು ಬರುತ್ತದೆ. ಗಂಡು, ಹೆಣ್ಣು ಎಂಬ ಭೇದ ಇಲ್ಲ. ಎಲ್ಲ ದೇಶಗಳಲ್ಲೂ ಇದೆ.

ತೊಂದರೆ ಇರುವುದು 15ನೇ ಕ್ರೋಮೋಸೋಮ್‌ನ ಒಂದು ಸಣ್ಣ ಭಾಗದಲ್ಲಿ. ನಮ್ಮೆಲ್ಲರಿಗೂ ಈ ಕ್ರೋಮೋಸೋಮ್ ಎರಡಿರುತ್ತದೆ, ಒಂದು ಅಪ್ಪನಿಂದ, ಒಂದು ಅಮ್ಮನಿಂದ. ಸಾಮಾನ್ಯವಾಗಿ ಎರಡೂ ಕೆಲಸ ಮಾಡುತ್ತವೆ. ಆದರೆ ಈ ಭಾಗದ ಕೆಲವು ಜೀನ್‌ಗಳ ವಿಷಯದಲ್ಲಿ ಅಮ್ಮನಿಂದ ಬಂದದ್ದು ಹುಟ್ಟಿನಿಂದಲೇ ಸುಮ್ಮನಿರುತ್ತದೆ. ಅಪ್ಪನಿಂದ ಬಂದದ್ದೇ ಎಲ್ಲ ಕೆಲಸ ಮಾಡಬೇಕು. ಅಪ್ಪನ ಆ ತುಂಡೇ ಇಲ್ಲದಿದ್ದರೆ ಅಥವಾ ಅದೂ ಸುಮ್ಮನಾಗಿಬಿಟ್ಟರೆ ಆ ಕೆಲಸ ಮಾಡಲು ಯಾರೂ ಇಲ್ಲ.

ಇದು ಮೂರು ರೀತಿಯಲ್ಲಿ ಆಗುತ್ತದೆ. ಹತ್ತರಲ್ಲಿ ಆರೇಳು ಮಕ್ಕಳಲ್ಲಿ ಅಪ್ಪನಿಂದ ಬಂದ ಕ್ರೋಮೋಸೋಮ್‌ನಲ್ಲಿ ಆ ತುಂಡು ಕಳೆದುಹೋಗಿರುತ್ತದೆ. ಉಳಿದ ಮಕ್ಕಳಲ್ಲಿ ಹೆಚ್ಚಿನವರಿಗೆ ಎರಡೂ ಕ್ರೋಮೋಸೋಮ್ ಅಮ್ಮನಿಂದಲೇ ಬಂದಿರುತ್ತವೆ, ಅಪ್ಪನದು ಇರುವುದೇ ಇಲ್ಲ. ಬಹಳ ಕಡಿಮೆ ಮಕ್ಕಳಲ್ಲಿ ಅಪ್ಪನ ತುಂಡು ಇದ್ದರೂ ಅದನ್ನು ಚಾಲೂ ಮಾಡುವ ಸ್ವಿಚ್ ಕೆಟ್ಟಿರುತ್ತದೆ. ಇದೇ ಜಾಗದಲ್ಲಿ ಅಮ್ಮನಿಂದ ಬಂದ ಒಂದು ಜೀನ್ ಕೆಲಸ ಮಾಡದಿದ್ದರೆ ಬರುವುದು ಏಂಜಲ್‌ಮನ್ ಸಿಂಡ್ರೋಮ್. ಅದು ಪೂರ್ತಿ ಬೇರೆ ಸ್ಥಿತಿ, ಎರಡನ್ನೂ ಬೆರೆಸಿಕೊಳ್ಳಬೇಡಿ.

"ಅಪ್ಪನಿಂದ" ಎಂದು ಓದಿದ ಕೂಡಲೇ ಮನೆಯಲ್ಲಿ ಒಬ್ಬರು ಇನ್ನೊಬ್ಬರ ಮುಖ ನೋಡುತ್ತಾರೆ. ನಮ್ಮ ಮನೆಯಲ್ಲೂ ನೋಡಿದೆವು. ದಯವಿಟ್ಟು ಅದನ್ನು ಅಲ್ಲಿಗೇ ಬಿಟ್ಟುಬಿಡಿ. ಹೆಚ್ಚುಕಡಿಮೆ ಎಲ್ಲರಲ್ಲೂ ಇದು ತಾನೇ ತಾನಾಗಿ ಆಗುವಂಥದ್ದು. ಬಸುರಿಯಲ್ಲಿ ಏನು ತಿಂದಿರಿ, ಏನು ಬಿಟ್ಟಿರಿ, ಎಷ್ಟು ಕೆಲಸ ಮಾಡಿದಿರಿ ಎನ್ನುವುದಕ್ಕೂ ಇದಕ್ಕೂ ಸಂಬಂಧವೇ ಇಲ್ಲ.

ಈ ಜೀನ್‌ಗಳು ಇಲ್ಲದ್ದರಿಂದ ಮಿದುಳಿನ ಹೈಪೊಥಲಾಮಸ್ ಎಂಬ ಪುಟ್ಟ ಭಾಗ ಸರಿಯಾಗಿ ಕೆಲಸ ಮಾಡುವುದಿಲ್ಲ. ಹಸಿವು, ಹೊಟ್ಟೆ ತುಂಬಿತು ಎಂಬ ಅರಿವು, ಬೆಳವಣಿಗೆ, ನಿದ್ದೆ, ಮೈಬಿಸಿ, ಹದಿವಯಸ್ಸಿನ ಹಾರ್ಮೋನ್, ಎಲ್ಲದರ ಉಸ್ತುವಾರಿ ಆ ಭಾಗದ್ದೇ. ಹೊಟ್ಟೆ ತುಂಬಿದ ಸುದ್ದಿ ಮಿದುಳಿಗೆ ಮುಟ್ಟುವುದೇ ಇಲ್ಲ. ಸಾಲದ್ದಕ್ಕೆ, ಸ್ನಾಯು ಕಡಿಮೆ ಇರುವುದರಿಂದ ಮೈಗೆ ಬೇಕಾಗುವ ಶಕ್ತಿಯೂ ಕಡಿಮೆ. ಅದೇ ವಯಸ್ಸಿನ ಬೇರೆ ಮಕ್ಕಳಿಗೆ ಬೇಕಾದ ಕ್ಯಾಲೊರಿಯಲ್ಲಿ ಸುಮಾರು 60ರಿಂದ 80 ಪರ್ಸೆಂಟ್ ಸಾಕು. ಹಸಿವು ಜಾಸ್ತಿ, ಬೇಕಾಗಿರುವುದು ಕಡಿಮೆ. ಈ ಕಾಯಿಲೆಯ ಕಷ್ಟವೆಲ್ಲ ಈ ಒಂದು ಸಾಲಿನಲ್ಲಿದೆ.

ಎರಡನೆಯದು: ಸರಿಯಾದ ಪರೀಕ್ಷೆ ಕೇಳಿ ಮಾಡಿಸಿ

ಹುಟ್ಟಿದ ಮಗು ಎತ್ತಿಕೊಂಡರೆ ಕೈಯಿಂದ ಜಾರುವಷ್ಟು ಮೆತ್ತಗಿದೆಯಾ? ಅಳುವುದು ಬೆಕ್ಕಿನ ಮರಿಯ ದನಿಯಷ್ಟೇ ಕೇಳುತ್ತದೆಯಾ? ಹಾಲು ಚೀಪಲು ಶಕ್ತಿ ಇಲ್ಲವಾ? ಗಂಡು ಮಗುವಾಗಿದ್ದರೆ ವೃಷಣ ಕೆಳಗೆ ಇಳಿದಿಲ್ಲವಾ? ಇವು ಒಟ್ಟಿಗೆ ಕಂಡರೆ ಈ ಪರೀಕ್ಷೆ ಕೇಳಲೇಬೇಕು. ನನ್ನ ಮಗಳಿಗೆ "ಸೋಮಾರಿ ಮಗು, ಸರಿಹೋಗುತ್ತೆ" ಎಂದು ಹೇಳಿ ಕಳಿಸಿದ್ದರು. ಹಸುಗೂಸು ಸೋಮಾರಿಯಾಗಿರುವುದಿಲ್ಲ. ಹಾಗೆ ಯಾರಾದರೂ ಹೇಳಿದರೆ ಇನ್ನೊಬ್ಬ ಡಾಕ್ಟರನ್ನು ಕೇಳಿ.

ಮಾಡಿಸಬೇಕಾದ್ದು ಡಿಎನ್‌ಎ ಮೀಥೈಲೇಷನ್ ಪರೀಕ್ಷೆ, ಅಂದರೆ ಆ ಜಾಗದಲ್ಲಿ ಕೆಲಸ ಮಾಡುವ ಅಪ್ಪನ ತುಂಡು ಇದೆಯಾ ಎಂದು ನೋಡುವುದು. ಸ್ವಲ್ಪ ರಕ್ತ ಸಾಕು. ನೂರರಲ್ಲಿ 99ಕ್ಕಿಂತ ಜಾಸ್ತಿ ಮಕ್ಕಳಲ್ಲಿ ಇದು ಕಾಯಿಲೆಯನ್ನು ಹಿಡಿಯುತ್ತದೆ. ಇಲ್ಲಿ ಒಂದು ಎಚ್ಚರ ಬೇಕು. ಕೆಲವು ಕಡೆ ಮೊದಲು ಫಿಶ್ (FISH) ಎಂಬ ಕ್ರೋಮೋಸೋಮ್ ಪರೀಕ್ಷೆ ಮಾಡುತ್ತಾರೆ. ಅದು ತುಂಡು ಕಳೆದುಹೋಗಿರುವುದನ್ನು ಮಾತ್ರ ತೋರಿಸುತ್ತದೆ. ಎರಡೂ ಕ್ರೋಮೋಸೋಮ್ ಅಮ್ಮನಿಂದ ಬಂದಿದ್ದರೆ ಅದರಲ್ಲಿ ಏನೂ ಕಾಣುವುದಿಲ್ಲ. "ಫಿಶ್ ನಾರ್ಮಲ್ ಬಂತು, ಮಗುವಿಗೆ ಏನೂ ಇಲ್ಲ" ಎಂದು ಯಾರಾದರೂ ಅಂದರೆ ಒಪ್ಪಬೇಡಿ.

ಇದೆ ಎಂದು ಖಚಿತವಾದ ಮೇಲೆ ಮೂರರಲ್ಲಿ ಯಾವ ಬಗೆ ಎಂದೂ ಕೇಳಿ, ಬರೆಸಿಕೊಳ್ಳಿ. ಮುಂದಿನ ಮಗುವಿನ ವಿಷಯ ಯೋಚಿಸುವಾಗ ಅದು ಬೇಕೇ ಬೇಕು. ಹಳೆಯ ವರದಿಯ ಪ್ರತಿಗಳನ್ನು ಒಂದು ಫೈಲಿನಲ್ಲಿ ಹಾಕಿ, ಫೋನಿನಲ್ಲೂ ಫೋಟೋ ಇಟ್ಟುಕೊಳ್ಳಿ. ಹೊಸ ಡಾಕ್ಟರ ಮುಂದೆ ಎಷ್ಟು ಸಲ ಮೊದಲಿನಿಂದ ಹೇಳಬೇಕಾಗುತ್ತದೆ ಎಂದರೆ, ಆ ಫೈಲೇ ನಿಮ್ಮ ಅರ್ಧ ಮಾತು ಉಳಿಸುತ್ತದೆ.

ಮೂರನೆಯದು: ಮೊದಲ ವರ್ಷ, ಹೊಟ್ಟೆಗೆ ಹಾಕುವುದೇ ದೊಡ್ಡ ಕೆಲಸ

ಮುಂದೆ ಊಟ ತಡೆಯಬೇಕಾದ ಮಗುವಿಗೆ ಮೊದಲ ತಿಂಗಳುಗಳಲ್ಲಿ ಊಟ ಹಾಕುವುದೇ ಕಷ್ಟ. ಇದು ಎಲ್ಲರನ್ನೂ ಗಲಿಬಿಲಿಗೊಳಿಸುತ್ತದೆ. ಹಸಿದರೂ ಈ ಮಗು ಅಳುವುದಿಲ್ಲ, ನಿದ್ದೆಯಿಂದ ಏಳುವುದಿಲ್ಲ. ಗಡಿಯಾರ ನೋಡಿ ನೀವೇ ಎಬ್ಬಿಸಬೇಕು. ಚೀಪುವ ಶಕ್ತಿ ಇಲ್ಲದ ಮಕ್ಕಳಿಗೆ ಸುಲಭವಾಗಿ ಹಾಲು ಬರುವ ವಿಶೇಷ ಬಾಟಲಿಗಳು ಸಿಗುತ್ತವೆ. ಅದೂ ಸಾಲದಿದ್ದರೆ ಮೂಗಿನ ನಳಿಕೆ. ನಳಿಕೆ ಎಂದರೆ ಹೆದರಬೇಡಿ. ಒಂದೊಂದು ಸಲಕ್ಕೂ ಗಂಟೆಗಟ್ಟಲೆ ಕುಡಿಸಲು ಹೆಣಗಿದರೆ ಮಗು ಕುಡಿದದ್ದೆಲ್ಲ ಆ ದಣಿವಿನಲ್ಲೇ ಖರ್ಚಾಗಿಹೋಗುತ್ತದೆ. ಹಾಲು ನೆತ್ತಿಗೇರುವ ಭಯ ಬೇರೆ. ನಮ್ಮವಳಿಗೆ ನಾಲ್ಕು ತಿಂಗಳು ನಳಿಕೆ ಇತ್ತು. ತೆಗೆದ ದಿನ ಕೆನ್ನೆಯ ಮೇಲೆ ಪ್ಲಾಸ್ಟರಿನ ಚೌಕಾಕಾರದ ಕೆಂಪು ಗುರುತು ಉಳಿದಿತ್ತು. ಒಂದು ವಾರದಲ್ಲಿ ಅದೂ ಹೋಯಿತು.

"ಮುಂದೆ ದಪ್ಪ ಆಗ್ತಾಳೆ" ಎಂದು ಹೆದರಿ ಈಗಲೇ ಹಾಲು, ಕೊಬ್ಬು ಕಡಿಮೆ ಮಾಡಬೇಡಿ. ಮಿದುಳು ಬೆಳೆಯುವ ಕಾಲ ಇದು.

ಫಿಸಿಯೋಥೆರಪಿಯನ್ನು ಮೊದಲ ತಿಂಗಳುಗಳಲ್ಲೇ ಶುರುಮಾಡಿ. ಈ ಮಕ್ಕಳು ಒಂದು ವರ್ಷದ ಹೊತ್ತಿಗೆ ಕೂರುತ್ತಾರೆ, ಎರಡು ವರ್ಷದ ಹೊತ್ತಿಗೆ ನಡೆಯುತ್ತಾರೆ. ಮಾತು ಇನ್ನೂ ನಿಧಾನ. ಪಕ್ಕದ ಮನೆಯ ಮಗುವಿನ ಜೊತೆ ಹೋಲಿಸಿದರೆ ದಿನವೂ ಅಳುವುದೇ ಆಗುತ್ತದೆ. ಹೋದ ತಿಂಗಳಿನ ನಿಮ್ಮ ಮಗುವಿನ ಜೊತೆ ಹೋಲಿಸಿ. ವೃಷಣ ಇಳಿಯದ ಗಂಡು ಮಗುವಾದರೆ ಆಪರೇಷನ್ ಯಾವಾಗ ಎಂದು ಮೊದಲ ವರ್ಷದಲ್ಲೇ ಮಾತಾಡಿ.

ನಾಲ್ಕನೆಯದು: ಗ್ರೋತ್ ಹಾರ್ಮೋನ್ ಬಗ್ಗೆ ಬೇಗ ಕೇಳಿ

ಅಮೆರಿಕದಲ್ಲಿ ಈ ಕಾಯಿಲೆಗೆ ಗ್ರೋತ್ ಹಾರ್ಮೋನ್‌ಗೆ ಒಪ್ಪಿಗೆ ಸಿಕ್ಕಿದ್ದು 2000ದಲ್ಲಿ. ಉದ್ದ ಬೆಳೆಯುವುದಕ್ಕೆ ಮಾತ್ರ ಇದನ್ನು ಕೊಡುತ್ತಾರೆ ಎಂದು ತುಂಬಾ ಜನ ಅಂದುಕೊಂಡಿದ್ದಾರೆ. ಅದಕ್ಕಿಂತ ದೊಡ್ಡ ಲಾಭ ಬೇರೆ ಇದೆ: ಸ್ನಾಯು ಬಲವಾಗುತ್ತದೆ, ಕೊಬ್ಬು ಕಡಿಮೆಯಾಗುತ್ತದೆ, ಮಗು ಓಡಾಡಲು ಶುರುಮಾಡುತ್ತದೆ. ತೂಕ ಏರುವ ಮೊದಲೇ, ಅಂದರೆ ಎರಡು ವರ್ಷದೊಳಗೇ ಶುರುಮಾಡುವುದು ಈಗಿನ ರೂಢಿ. ಹಾರ್ಮೋನ್ ತಜ್ಞರನ್ನು ಬೇಗ ಕಾಣಬೇಕು ಎನ್ನುವುದು ಇದಕ್ಕೇ.

ಚರ್ಮದ ಕೆಳಗೆ ಕೊಡುವ ಸಣ್ಣ ಇಂಜೆಕ್ಷನ್, ಸಾಮಾನ್ಯವಾಗಿ ದಿನಾ ರಾತ್ರಿ. ಮನೆಯಲ್ಲೇ ಕೊಡುವುದನ್ನು ಕಲಿಸುತ್ತಾರೆ. ಶುರುಮಾಡುವ ಮುನ್ನ ನಿದ್ದೆಯ ಪರೀಕ್ಷೆ ಆಗಿರಬೇಕು, ಶುರುವಾದ ಕೆಲವು ತಿಂಗಳಲ್ಲಿ ಇನ್ನೊಮ್ಮೆ. ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವ ತೊಂದರೆ ಈ ಮಕ್ಕಳಲ್ಲಿ ಸಾಮಾನ್ಯ. ಹಾರ್ಮೋನ್ ಶುರುವಾದ ಮೇಲೆ ಟಾನ್ಸಿಲ್ ದೊಡ್ಡದಾಗಿ ಅದು ಜಾಸ್ತಿಯಾಗಬಹುದು. ಗೊರಕೆ ಹೊಸದಾಗಿ ಶುರುವಾದರೆ ಮುಂದಿನ ಭೇಟಿಯವರೆಗೆ ಕಾಯಬೇಡಿ, ಅವತ್ತೇ ತಿಳಿಸಿ. ತುಂಬಾ ದಪ್ಪವಾಗಿ ಉಸಿರಾಟದ ತೊಂದರೆ ಇರುವ ಮಕ್ಕಳಿಗೆ ಇದು ಅಪಾಯ, ಅವರಿಗೆ ಕೊಡುವುದಿಲ್ಲ. ಗ್ರೋತ್ ಹಾರ್ಮೋನ್‌ನಿಂದ ಹಸಿವು ಕಡಿಮೆಯಾಗುವುದಿಲ್ಲ ಎನ್ನುವುದನ್ನೂ ಮೊದಲೇ ತಿಳಿದಿರಿ.

ಐದನೆಯದು: ಹಸಿವು ಬರುವ ಮೊದಲೇ ಮನೆಯನ್ನು ಸಿದ್ಧಮಾಡಿ

ಇಲ್ಲಿ ನಾನು ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ.

ಹಸಿವು ಒಂದೇ ದಿನ ಬರುವುದಿಲ್ಲ, ಹಂತ ಹಂತವಾಗಿ ಬರುತ್ತದೆ. ಮೊದಲು ಹಾಲೇ ಕುಡಿಯದ ಕಾಲ. ಆಮೇಲೆ ಒಂದು ಒಂದೂವರೆ ವರ್ಷ ಎಲ್ಲ ಮಕ್ಕಳ ಹಾಗೆಯೇ ತಿಂದು ಬೆಳೆಯುವ ಕಾಲ. ಎಲ್ಲ ಸರಿಹೋಯಿತು ಅನ್ನಿಸುವುದು ಆಗಲೇ. ಎರಡು ವರ್ಷದ ಆಸುಪಾಸಿನಲ್ಲಿ ಜಾಸ್ತಿ ತಿನ್ನದಿದ್ದರೂ ತೂಕ ಏರತೊಡಗುತ್ತದೆ. ನಾಲ್ಕೈದು ವರ್ಷಕ್ಕೆ ಊಟದ ಮೇಲೆ ಗಮನ ಹೆಚ್ಚಾಗುತ್ತದೆ, ಇನ್ನೂ ಬೇಕು ಎಂದು ಕೇಳುವುದು ಶುರು. ಎಂಟು ವರ್ಷದ ಹೊತ್ತಿಗೆ ತಡೆಯಲಾಗದ ಹಸಿವು. ಒಬ್ಬೊಬ್ಬರಲ್ಲಿ ಹಿಂದೆ ಮುಂದೆ ಆಗುತ್ತದೆ, ನನ್ನ ಮಗಳಲ್ಲಿ ಬೇಗ ಬಂತು. ತೂಕ ಸುಮ್ನೆ ಏರತೊಡಗಿದಾಗಲೇ ಡಯಟೀಷಿಯನ್ ಜೊತೆ ಕೂತು ಕ್ಯಾಲೊರಿ ಲೆಕ್ಕ ಹಾಕಿಸಿ. ವಾರಕ್ಕೊಮ್ಮೆ, ಅದೇ ದಿನ, ಅದೇ ತಕ್ಕಡಿಯಲ್ಲಿ ತೂಕ ನೋಡಿ ಬರೆದಿಡಿ. ಊಟ ಕಡಿಮೆ ಮಾಡಿದಾಗ ಕ್ಯಾಲ್ಸಿಯಂ, ವಿಟಮಿನ್ ಕೂಡ ಕಡಿಮೆಯಾಗುತ್ತವೆ. ಅವನ್ನು ಬೇರೆಯಾಗಿ ಕೊಡಬೇಕಾ ಎಂದು ಕೇಳಿ.

ಈಗ ಬೀಗದ ಮಾತು. ಅಡುಗೆಮನೆ, ಫ್ರಿಜ್, ದಿನಸಿ ಇಡುವ ಕಪಾಟು, ಕಸದ ಬುಟ್ಟಿ, ಎಲ್ಲಕ್ಕೂ ಬೀಗ ಬೇಕು. ಈ ಮಾತು ಕೇಳಿದ ತಕ್ಷಣ ನನಗೆ ಕೋಪ ಬಂದಿತ್ತು. ಮಗುವಿಗೆ ಹೊಟ್ಟೆಗಿಲ್ಲದ ಹಾಗೆ ಬೀಗ ಹಾಕುವುದಾ? ಸಕ್ಕರೆ ಡಬ್ಬಿಯ ರಾತ್ರಿಯ ಮರುದಿನ ಬೀಗ ಬಂತು. ಹಾಕುವಾಗ ನಾನು ಅತ್ತೆ. ಅವಳು ಅಳಲಿಲ್ಲ. ಪಕ್ಕದಲ್ಲೇ ನಿಂತು ನೋಡಿದಳು. ನಾನು ಕೈ ತೆಗೆದ ಮೇಲೆ ಬಂದು ಬಾಗಿಲನ್ನು ಎರಡು ಸಲ ಜಗ್ಗಿದಳು. ಬರಲಿಲ್ಲ. ತಿರುಗಿ ಹೋಗಿ ತನ್ನ ಜಿಗ್ಸಾ ಚೂರುಗಳ ಮುಂದೆ ಕೂತಳು. ಇವತ್ತಿಗೂ ಮಲಗುವ ಮುಂಚೆ ಬಂದು ಎರಡು ಸಲ ಜಗ್ಗಿ ನೋಡಿಯೇ ಹೋಗುತ್ತಾಳೆ. ಬೀಗ ಬಿದ್ದಿದೆ ಎಂದು ಗೊತ್ತಾದರೆ ಅವಳಿಗೆ ನಿದ್ದೆ ಬರುತ್ತದೆ.

ಯಾಕೆ ಹೀಗೆ? ಬಾಗಿಲು ತೆರೆದಿದ್ದರೆ ಅವಳ ಮನಸ್ಸು ಇಡೀ ದಿನ ಅಲ್ಲೇ ಇರುತ್ತದೆ. ಸಿಗಬಹುದಾ, ಯಾರೂ ನೋಡುತ್ತಿಲ್ಲವಾ, ಈಗ ಹೋಗಲಾ. ಆ ಹೊಯ್ದಾಟವೇ ದೊಡ್ಡ ಹಿಂಸೆ. ಸಿಗುವುದೇ ಇಲ್ಲ ಎಂದು ಖಚಿತವಾದಾಗ ಆಟಕ್ಕೂ ಓದಿಗೂ ಮನಸ್ಸಿನಲ್ಲಿ ಜಾಗ ಆಗುತ್ತದೆ. ಅದಕ್ಕೆ ಅರ್ಧಂಬರ್ಧ ಬೀಗ ಕೆಲಸಕ್ಕೆ ಬಾರದು. ವಾರದಲ್ಲಿ ಆರು ದಿನ ಹಾಕಿ ಏಳನೇ ದಿನ ಮರೆತರೆ, ಆ ಏಳನೇ ದಿನಕ್ಕಾಗಿ ಮಗು ವಾರವೆಲ್ಲ ಕಾಯುತ್ತದೆ.

ಬೀಗದಷ್ಟೇ ಮುಖ್ಯ, ಊಟದ ಸಮಯ ಮತ್ತು ಏನು ಊಟ ಎನ್ನುವುದು ಮೊದಲೇ ಗೊತ್ತಿರುವುದು. ನಮ್ಮ ಗೋಡೆಯ ಮೇಲೆ ಒಂದು ಪಟ್ಟಿ ಇದೆ. ಬೆಳಗ್ಗೆ ಏನು, ಮಧ್ಯಾಹ್ನ ಏನು, ಸಂಜೆ ಏನು, ರಾತ್ರಿ ಏನು, ಎಷ್ಟು ಹೊತ್ತಿಗೆ, ಚಿತ್ರದ ಜೊತೆ ಬರೆದದ್ದು. ಹಿಂದಿನ ರಾತ್ರಿಯೇ ಹಾಕುತ್ತೇವೆ. ಹಾಕಿದ ಮೇಲೆ ಬದಲಿಸುವುದಿಲ್ಲ. "ಅಮ್ಮ, ಊಟ ಯಾವಾಗ?" ಎಂದರೆ ನಾನು ಉತ್ತರ ಹೇಳುವುದಿಲ್ಲ. "ಪಟ್ಟಿಯಲ್ಲಿ ಏನಿದೆ, ನೋಡಿ ಹೇಳು" ಅನ್ನುತ್ತೇನೆ. ಅವಳೇ ಹೋಗಿ ಓದಿ ಬರುತ್ತಾಳೆ. ದಿನಕ್ಕೆ ನಲವತ್ತು ಸಲ ಕೇಳುತ್ತಿದ್ದವಳು ಈಗ ಐದಾರು ಸಲಕ್ಕೆ ಬಂದಿದ್ದಾಳೆ.

ತಟ್ಟೆ ಬಡಿಸಿಯೇ ತನ್ನಿ, ಪಾತ್ರೆಗಳನ್ನು ಮೇಜಿನ ಮೇಲೆ ತಂದಿಡಬೇಡಿ. ಇನ್ನೊಂದು ಮಾತು, ಇದನ್ನು ಮನೆಮಂದಿಯೆಲ್ಲ ಪಾಲಿಸಬೇಕು: ಒಳ್ಳೆಯ ಕೆಲಸಕ್ಕೆ ಬಹುಮಾನ ಎಂದು ತಿಂಡಿ ಕೊಡಬೇಡಿ, ತಪ್ಪಿಗೆ ಶಿಕ್ಷೆ ಎಂದು ಊಟ ಕಿತ್ತುಕೊಳ್ಳಲೂ ಬೇಡಿ. ಎಷ್ಟೇ ಗಲಾಟೆ ಮಾಡಿರಲಿ, ಪಟ್ಟಿಯಲ್ಲಿದ್ದ ಊಟ ಆ ಹೊತ್ತಿಗೆ ಬರಲೇಬೇಕು. ನಿಮ್ಮ ಮಾತಿನ ಮೇಲೆ ಮಗುವಿಗೆ ನಂಬಿಕೆ ಇರುವುದು ಇದರಿಂದಲೇ.

ಮನೆಯಲ್ಲಿ ಅಣ್ಣನೋ ತಂಗಿಯೋ ಇದ್ದರೆ ಅವರನ್ನು ಮರೆಯಬೇಡಿ. ನನ್ನ ಮಗ ಚಾಕೊಲೇಟನ್ನು ಬಚ್ಚಲುಮನೆಯಲ್ಲಿ ನಿಂತು, ಸದ್ದಾಗದ ಹಾಗೆ ಕಾಗದ ಬಿಚ್ಚಿ ತಿನ್ನುತ್ತಿದ್ದ. ಅದನ್ನು ಕಂಡ ದಿನ ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಈಗ ವಾರಕ್ಕೊಮ್ಮೆ ಅವನೊಬ್ಬನನ್ನೇ ಹೊರಗೆ ಕರೆದುಕೊಂಡು ಹೋಗುತ್ತೇವೆ. ಅಲ್ಲಿ ಅವನು ಕೂತು, ನಿಧಾನವಾಗಿ, ಎಲ್ಲ ಮಕ್ಕಳ ಹಾಗೆ ತಿನ್ನುತ್ತಾನೆ.

ಔಷಧಿಯ ವಿಷಯಕ್ಕೆ ಬಂದರೆ, ಈ ಹಸಿವಿಗೆಂದೇ ಒಂದು ಮಾತ್ರೆಗೆ, ಡಯಜಾಕ್ಸೈಡ್ ಕೋಲೀನ್ ಎಂದು ಅದರ ಹೆಸರು, ಅಮೆರಿಕದಲ್ಲಿ 2025ರ ಮಾರ್ಚ್‌ನಲ್ಲಿ ಒಪ್ಪಿಗೆ ಸಿಕ್ಕಿತು. ನಾಲ್ಕು ವರ್ಷ ದಾಟಿದವರಿಗೆ. ಅದರಿಂದ ರಕ್ತದಲ್ಲಿ ಸಕ್ಕರೆ ಏರಬಹುದು, ಮೈಯಲ್ಲಿ ನೀರು ತುಂಬಬಹುದು, ಕೂದಲು ಜಾಸ್ತಿ ಬೆಳೆಯಬಹುದು. ನಿಮ್ಮ ಮಗುವಿಗೆ ಹೊಂದುತ್ತದಾ ಎಂದು ಡಾಕ್ಟರನ್ನು ಕೇಳಿ. ಮಾತ್ರೆ ಬಂತು ಎಂದು ಬೀಗ ಮಾತ್ರ ತೆಗೆಯಬೇಡಿ.

ಆರನೆಯದು: ಹೊರಗಿನವರಿಗೆ ಹೇಳುವುದನ್ನು ಕಲಿಯಿರಿ

"ಪಾಪ, ಒಂದು ಬಿಸ್ಕತ್ತು ಕೊಟ್ಟರೆ ಏನಾಗುತ್ತೆ?" ಈ ಮಾತನ್ನು ಕೇಳದ ಪ್ರೇಡರ್-ವಿಲ್ಲಿ ಅಮ್ಮ ಇಲ್ಲ. ಹೇಳುವವರು ಕೆಟ್ಟವರಲ್ಲ. ಮಗುವಿನ ಮೇಲಿನ ಪ್ರೀತಿಗೇ ಹೇಳುತ್ತಾರೆ. ಅವರಿಗೆ ಕಾಯಿಲೆಯ ಪಾಠ ಮಾಡಲು ಹೋಗಬೇಡಿ, ಎರಡೇ ವಾಕ್ಯ ಸಿದ್ಧಮಾಡಿಕೊಳ್ಳಿ. ನಾನು ಹೇಳುವುದು ಇಷ್ಟು: "ಅವಳ ಮಿದುಳಿಗೆ ಹೊಟ್ಟೆ ತುಂಬಿದ್ದು ಗೊತ್ತಾಗಲ್ಲ. ನೀವು ಒಂದು ಕೊಟ್ಟರೆ ಇಡೀ ದಿನ ಇನ್ನೊಂದು ಸಿಗುತ್ತಾ ಅಂತ ಒದ್ದಾಡ್ತಾಳೆ, ದಯವಿಟ್ಟು ಬೇಡ." ಅಜ್ಜಿ ತಾತಂದಿರಿಗೆ ಮಾತ್ರ ಕೂತು ನಿಧಾನವಾಗಿ ಹೇಳಬೇಕು. ಮೊಮ್ಮಗುವಿಗೆ ತಿನ್ನಿಸುವುದೇ ಅವರಿಗೆ ಪ್ರೀತಿ. ಬದಲಿಗೆ ಬೇರೆ ಏನಾದರೂ ಕೊಡಿಸಿ. ನಮ್ಮ ಅತ್ತೆ ಈಗ ಪ್ರತಿ ಸಲ ಬರುವಾಗ ಒಂದು ಹೊಸ ಜಿಗ್ಸಾ ತರುತ್ತಾರೆ.

ಹುಟ್ಟುಹಬ್ಬ, ಮದುವೆಗಳಿಗೆ ಹೋಗುವುದನ್ನು ಪೂರ್ತಿ ಬಿಡಬೇಕಾಗಿಲ್ಲ. ಏನು ತಿನ್ನುವುದು, ಎಷ್ಟು, ಎಷ್ಟು ಹೊತ್ತಿಗೆ ಎಂದು ಹೊರಡುವ ಮೊದಲೇ ಮಗುವಿನ ಜೊತೆ ಮಾತಾಗಿರಲಿ. ಅಲ್ಲಿ ಅವಳ ಮೇಲೆ ಕಣ್ಣಿಡುವವರು ಯಾರು ಎನ್ನುವುದೂ ತೀರ್ಮಾನವಾಗಿರಲಿ. "ಎಲ್ಲರೂ ನೋಡ್ತಾರೆ ಬಿಡು" ಅಂದರೆ ಯಾರೂ ನೋಡುವುದಿಲ್ಲ.

ಶಾಲೆಯಲ್ಲಿ ಮೊದಲು ಕೇಳಬೇಕಾದ್ದು ಮೂರು: ಬೇರೆ ಮಕ್ಕಳ ಊಟದ ಡಬ್ಬಿಗಳು ಎಲ್ಲಿರುತ್ತವೆ, ಊಟದ ಹೊತ್ತಿನಲ್ಲಿ ಪಕ್ಕದಲ್ಲಿ ಯಾರಿರುತ್ತಾರೆ, ತರಗತಿಯಲ್ಲಿ ತಿಂಡಿಯನ್ನು ಬಹುಮಾನವಾಗಿ ಕೊಡುತ್ತಾರಾ. ಮಗುವಿನ ಕೈಗೆ ದುಡ್ಡು ಸಿಗದಿರಲಿ. ಬೇರೆಯವರ ಡಬ್ಬಿಗೆ ಕೈಹಾಕಿದರೆ ಅದನ್ನು ಕಳ್ಳತನ ಎಂದು ಕರೆಯಬೇಡಿ ಎಂದು ಟೀಚರಿಗೆ ಸ್ಪಷ್ಟವಾಗಿ ಹೇಳಿ. ಡಬ್ಬಿ ಕೈಗೆಟುಕುವ ಕಡೆ ಇಟ್ಟದ್ದು ದೊಡ್ಡವರ ತಪ್ಪು.

ಒಳ್ಳೆಯದನ್ನೂ ಟೀಚರಿಗೆ ಹೇಳಿ. ಇವರಲ್ಲಿ ತುಂಬಾ ಮಕ್ಕಳು ಚೆನ್ನಾಗಿ ಓದುತ್ತಾರೆ, ನೋಡಿದ್ದನ್ನು ನೆನಪಿಟ್ಟುಕೊಳ್ಳುತ್ತಾರೆ. ಜಿಗ್ಸಾದಲ್ಲಂತೂ ಎಷ್ಟೋ ಮಕ್ಕಳು ದೊಡ್ಡವರನ್ನೇ ಮೀರಿಸುತ್ತಾರೆ. ಕಷ್ಟವಾಗುವುದು ಲೆಕ್ಕ, ಮತ್ತು ಒಂದೇ ಉಸಿರಿನಲ್ಲಿ ಬಾಯಲ್ಲಿ ಹೇಳಿದ ಮೂರ್ನಾಲ್ಕು ಸೂಚನೆಗಳು. ಬರೆದು ತೋರಿಸಿದರೆ, ಚಿತ್ರ ಹಾಕಿದರೆ ಅದೇ ಕೆಲಸ ಸಲೀಸು.

ಏಳನೆಯದು: ಈ ಲಕ್ಷಣ ಕಂಡರೆ ಕಾಯಬೇಡಿ

ಈ ಭಾಗವನ್ನು ಬರೆದು ಮನೆಯಲ್ಲಿ ಎಲ್ಲರಿಗೂ ಕಾಣುವ ಹಾಗೆ ಅಂಟಿಸಿ.

ಪ್ರೇಡರ್-ವಿಲ್ಲಿ ಇರುವವರು ವಾಂತಿ ಮಾಡುವುದು ಅಪರೂಪ. ಹೊಟ್ಟೆ ಎಷ್ಟು ತುಂಬಿದರೂ ಮೈ ಹೊರಗೆ ಹಾಕುವುದಿಲ್ಲ. ಒಮ್ಮೆಲೇ ತುಂಬಾ ತಿಂದುಬಿಟ್ಟರೆ ಹೊಟ್ಟೆ ಹಿಗ್ಗಿ, ಅದರ ಗೋಡೆ ಸತ್ತು, ಹರಿಯುವ ಅಪಾಯ ಇದೆ. ಅದು ಜೀವಕ್ಕೇ ಕುತ್ತು. ಅದಕ್ಕೇ ಹೊಟ್ಟೆ ಉಬ್ಬಿದೆ, ಹೊಟ್ಟೆ ನೋವು ಅನ್ನುತ್ತಿದೆ, ವಾಂತಿಯಾಯಿತು, ಎಲ್ಲಕ್ಕಿಂತ ಮುಖ್ಯವಾಗಿ ಊಟ ಬೇಡ ಅಂದಿತು, ಇವುಗಳಲ್ಲಿ ಯಾವುದೇ ಒಂದು ಕಂಡರೂ ತುರ್ತು ಚಿಕಿತ್ಸೆಗೆ ಹೊರಡಿ. ಊಟ ಬೇಡ ಎಂದದ್ದಕ್ಕೆ ಒಳಗೊಳಗೇ ಖುಷಿಪಡಬೇಡಿ.

ನೋವು ಇವರಿಗೆ ಬೇರೆಯವರಷ್ಟು ಗೊತ್ತಾಗುವುದಿಲ್ಲ. ನನ್ನ ಮಗಳು ಕಾಲ್ಬೆರಳು ಮುರಿದುಕೊಂಡು ಮೂರು ದಿನ ಓಡಾಡಿದ್ದಳು. ಚಪ್ಪಲಿ ಬಿಗಿಯಾಗುತ್ತಿದೆ ಎಂದಾಗ ಬಗ್ಗಿ ನೋಡಿದೆ. ಬೆರಳು ಊದಿ ಕಪ್ಪಾಗಿತ್ತು. ಅಂದಿನಿಂದ ದಿನಾ ಸ್ನಾನದ ಹೊತ್ತಿಗೆ ತಲೆಯಿಂದ ಕಾಲಿನವರೆಗೆ ನೋಡುತ್ತೇನೆ. ಸೋಂಕು ಬಂದರೂ ಜ್ವರ ಬಾರದೇ ಇರಬಹುದು. ಮಗು ಎಂದಿನಂತಿಲ್ಲ, ಮಂಕಾಗಿದೆ ಅನ್ನಿಸಿದರೆ ಥರ್ಮಾಮೀಟರ್ ಏನೇ ಹೇಳಲಿ, ತೋರಿಸಿ.

ಗಬಗಬ ತಿನ್ನುವುದರಿಂದ ಗಂಟಲಿಗೆ ಸಿಕ್ಕಿಕೊಳ್ಳುವುದು ಇನ್ನೊಂದು ದೊಡ್ಡ ಅಪಾಯ. ಸಣ್ಣ ತುಂಡು, ಪಕ್ಕದಲ್ಲಿ ನೀರು, ಎದುರಿಗೆ ಒಬ್ಬರು. ಉಸಿರು ಕಟ್ಟಿದಾಗ ಏನು ಮಾಡಬೇಕು ಎನ್ನುವುದನ್ನು ಮನೆಯ ಎಲ್ಲ ದೊಡ್ಡವರೂ ತರಬೇತಿ ಪಡೆದು ಕಲಿಯಿರಿ.

ಆಪರೇಷನ್ ಇದ್ದರೆ ಅರಿವಳಿಕೆ ಕೊಡುವ ಡಾಕ್ಟರಿಗೆ ಈ ಹೆಸರನ್ನು ನೀವೇ ಬಾಯಿಬಿಟ್ಟು ಹೇಳಿ. ಹೊಟ್ಟೆ ಖಾಲಿ ಇದೆ ಎಂದು ಮಗು ಹೇಳಿದ್ದನ್ನು ನಂಬಬೇಡಿ ಎಂದೂ ಹೇಳಿ. ಒಂದು ಕಾರ್ಡಿನಲ್ಲಿ ಕಾಯಿಲೆಯ ಹೆಸರು, ವಾಂತಿ ಅಪರೂಪ, ನೋವು ಗೊತ್ತಾಗುವುದಿಲ್ಲ, ಜ್ವರ ಬಾರದಿರಬಹುದು, ತೆಗೆದುಕೊಳ್ಳುತ್ತಿರುವ ಔಷಧಿ, ನಿಮ್ಮ ಫೋನ್ ನಂಬರ್ ಬರೆದು ಮಗುವಿನ ಚೀಲದಲ್ಲಿ ಇಡಿ.

ಎಂಟನೆಯದು: ಸಿಟ್ಟು ಬಂದಾಗ ಮಾತು ಕಡಿಮೆ ಮಾಡಿ

ಊಟದಷ್ಟೇ ದಣಿಸುವುದು ಈ ಸಿಟ್ಟು. ಅಂದುಕೊಂಡದ್ದು ಬದಲಾದರೆ ಸಾಕು, ಕಿರುಚಾಟ, ಎಸೆದಾಟ. "ಸಂಜೆ ಪಾರ್ಕಿಗೆ ಹೋಗೋಣ" ಎಂದಿರುತ್ತೀರಿ, ಮಳೆ ಬರುತ್ತದೆ. ಬೇರೆ ಮಗು ಮುಖ ಊದಿಸಿಕೊಂಡು ಸುಮ್ಮನಾಗುತ್ತದೆ. ಇವರಿಗೆ ಒಂದರಿಂದ ಇನ್ನೊಂದಕ್ಕೆ ಮನಸ್ಸು ತಿರುಗಿಸುವುದೇ ಕಷ್ಟ.

ಗೊತ್ತಿಲ್ಲದ್ದನ್ನು ಖಚಿತವಾಗಿ ಹೇಳಬೇಡಿ. "ಮಳೆ ಇಲ್ಲದಿದ್ದರೆ ಪಾರ್ಕು, ಬಂದರೆ ಮನೆಯಲ್ಲಿ ಚಿತ್ರ ಬರೆಯೋದು" ಎಂದು ಎರಡನ್ನೂ ಮೊದಲೇ ಹೇಳಿಡಿ. "ಆಮೇಲೆ" ಎನ್ನಬೇಡಿ, ಗಡಿಯಾರದ ಹೊತ್ತು ಹೇಳಿ. ಸಿಟ್ಟು ನೆತ್ತಿಗೇರಿದ ಮೇಲೆ ಬುದ್ಧಿ ಹೇಳುವುದು, ವಾದ ಮಾಡುವುದು, ಹಳೆಯ ತಪ್ಪು ಎತ್ತುವುದು ಬೆಂಕಿಗೆ ತುಪ್ಪ ಸುರಿದ ಹಾಗೆ. ಪೆಟ್ಟಾಗುವ ವಸ್ತುಗಳನ್ನು ದೂರ ಸರಿಸಿ, ಹತ್ತಿರದಲ್ಲೇ ಸುಮ್ಮನಿರಿ. ಇಳಿದ ಮೇಲೆ, ಸಾಧ್ಯವಾದರೆ ಮರುದಿನ, ಎರಡು ಮಾತು ಆಡಿ. ಒಂದು ವಿಷಯ ನೆನಪಿರಲಿ: ಆಮೇಲೆ ಮಗು ನಿಜವಾಗಿಯೂ ನೊಂದುಕೊಳ್ಳುತ್ತದೆ. "ಸಾರಿ ಅಮ್ಮ" ಎಂದು ಅವಳು ಬಂದಾಗ ಆ ಸಾರಿಯನ್ನು ಪೂರ್ತಿಯಾಗಿ ಸ್ವೀಕರಿಸಿ, ಅಲ್ಲಿ ಮತ್ತೆ ಪಾಠ ಬೇಡ.

ಚರ್ಮ ಕೆರೆದು ಗಾಯ ಮಾಡಿಕೊಳ್ಳುವುದೂ ಇದೆ. ಬೇಡ ಎಂದಷ್ಟೂ ಜಾಸ್ತಿ. ಕೈಗೆ ಬೇರೆ ಕೆಲಸ ಕೊಡಿ, ಉಗುರು ಚಿಕ್ಕದಾಗಿ ಕತ್ತರಿಸಿ, ಗಾಯ ಮುಚ್ಚಿಡಿ, ಸೋಂಕು ಕಂಡರೆ ಬೇಗ ತೋರಿಸಿ. ಹಗಲಲ್ಲಿ ತೂಕಡಿಕೆ ಜಾಸ್ತಿಯಾದರೆ ಸೋಮಾರಿತನ ಎನ್ನದೆ ನಿದ್ದೆ ಪರೀಕ್ಷೆ ಮಾಡಿಸಿ. ಬೆನ್ನುಮೂಳೆ ಬಾಗುವುದು ಇವರಲ್ಲಿ ತುಂಬಾ ಸಾಮಾನ್ಯ, ಪ್ರತಿ ಭೇಟಿಯಲ್ಲೂ ಬೆನ್ನು ನೋಡಿಸಿ. ಥೈರಾಯ್ಡ್, ರಕ್ತದ ಸಕ್ಕರೆ, ಕಣ್ಣು, ಹಲ್ಲು, ಮೂಳೆಯ ಗಟ್ಟಿತನ, ಇವುಗಳ ತಪಾಸಣೆ ಯಾವಾಗ ಎಂದು ಡಾಕ್ಟರಿಂದ ಒಂದು ವರ್ಷದ ಪಟ್ಟಿ ಬರೆಸಿಕೊಳ್ಳಿ.

ಒಂಬತ್ತನೆಯದು: ಇನ್ನೊಂದು ಮಗು, ಮತ್ತು ದೊಡ್ಡವರಾಗುವ ದಿನ

ಮತ್ತೆ ಮಗು ಬೇಕು ಎಂದರೆ ಜೆನೆಟಿಕ್ ಕೌನ್ಸೆಲರನ್ನು ಮೊದಲು ಕಾಣಿ. ತುಂಡು ಕಳೆದುಹೋದ ಬಗೆಯಲ್ಲೂ, ಎರಡೂ ಅಮ್ಮನಿಂದ ಬಂದ ಬಗೆಯಲ್ಲೂ, ಮತ್ತೆ ಬರುವ ಸಾಧ್ಯತೆ ಸಾಮಾನ್ಯವಾಗಿ ನೂರರಲ್ಲಿ ಒಂದಕ್ಕಿಂತ ಕಡಿಮೆ. ಸ್ವಿಚ್ ಕೆಟ್ಟ ಬಗೆಯಲ್ಲಿ, ಅಪ್ಪನಲ್ಲೇ ಆ ಸಣ್ಣ ಕೊರತೆ ಇದ್ದರೆ, ಎರಡರಲ್ಲಿ ಒಂದರಷ್ಟೂ ಇರಬಹುದು. ಅಪ್ಪ ಅಥವಾ ಅಮ್ಮನ ಕ್ರೋಮೋಸೋಮ್‌ಗಳು ಜಾಗ ಬದಲಿಸಿಕೊಂಡಿದ್ದರೂ ಲೆಕ್ಕ ಬೇರೆಯಾಗುತ್ತದೆ. ಎರಡನೇ ಹೆಜ್ಜೆಯಲ್ಲಿ ಯಾವ ಬಗೆ ಎಂದು ಬರೆಸಿಕೊಳ್ಳಿ ಎಂದದ್ದು ಇದಕ್ಕೇ.

ಹದಿವಯಸ್ಸಿನಲ್ಲಿ ಹಾರ್ಮೋನ್ ಸಾಲದೆ ಬೆಳವಣಿಗೆ ಅರ್ಧಕ್ಕೆ ನಿಲ್ಲಬಹುದು, ಅದಕ್ಕೆ ಚಿಕಿತ್ಸೆ ಇದೆ. ಹದಿವಯಸ್ಸಿನ ಕೊನೆಗೆ, ಇಪ್ಪತ್ತರ ಆಸುಪಾಸಿನಲ್ಲಿ, ಸ್ವಭಾವ ದಿಢೀರ್ ಎಂದು ಬದಲಾದರೆ ಎಚ್ಚರ ಬೇಕು. ಇಲ್ಲದ ದನಿ ಕೇಳುವುದು, ಎಲ್ಲರ ಮೇಲೂ ಅನುಮಾನ, ನಿದ್ದೆ ಪೂರ್ತಿ ಹೋಗುವುದು ಕಂಡರೆ ಮನೋವೈದ್ಯರನ್ನು ಕಾಣಿ. ಎರಡೂ ಕ್ರೋಮೋಸೋಮ್ ಅಮ್ಮನಿಂದ ಬಂದವರಲ್ಲಿ ಇದು ಜಾಸ್ತಿ. ಔಷಧಿಯಿಂದ ಹತೋಟಿಗೆ ಬರುತ್ತದೆ.

ದೊಡ್ಡವರಾದ ಮೇಲೆ ಕೆಲಸ ಮಾಡುವವರು, ದುಡಿಯುವವರು, ಗೆಳೆಯರನ್ನು ಮಾಡಿಕೊಂಡವರು ಬೇಕಾದಷ್ಟು ಜನ ಇದ್ದಾರೆ. ತೂಕ ಹತೋಟಿಯಲ್ಲಿದ್ದರೆ ತುಂಬಾ ವರ್ಷ ಚೆನ್ನಾಗಿ ಬದುಕುತ್ತಾರೆ. ಆದರೆ ಊಟದ ಮೇಲೆ ಇನ್ನೊಬ್ಬರ ಕಣ್ಣು ಕೊನೆಯವರೆಗೂ ಬೇಕು. ನಾವು ಇಲ್ಲದ ಕಾಲಕ್ಕೆ ಆ ಕಣ್ಣು ಯಾರದ್ದು? ಈ ಪ್ರಶ್ನೆಯನ್ನು ನಾನು ಎಷ್ಟೋ ವರ್ಷ ಮುಂದಕ್ಕೆ ತಳ್ಳಿದೆ. ಕೊನೆಗೆ ಒಂದು ನೋಟ್‌ಬುಕ್ ತೆಗೆದುಕೊಂಡು ಬರೆಯಲು ಕೂತೆ. ಪಟ್ಟಿ ಹೇಗೆ ಹಾಕುವುದು, ಯಾವ ಮಾತಿಗೆ ಸಿಟ್ಟು ಬರುತ್ತದೆ, ಯಾವ ಹಾಡಿಗೆ ಇಳಿಯುತ್ತದೆ, ಇಂಜೆಕ್ಷನ್ ಯಾವ ಕಡೆ ಕೊಟ್ಟರೆ ನಗುತ್ತಾಳೆ, ತೂಕದ ಲೆಕ್ಕ, ಡಾಕ್ಟರ ಹೆಸರುಗಳು. ಈಗ ಅದು ಅರ್ಧ ತುಂಬಿದೆ. ನೀವೂ ಒಂದು ಶುರುಮಾಡಿ, ಮಗು ಚಿಕ್ಕದಿರುವಾಗಲೇ. ಬೀಗದ ಕೈ ಎಲ್ಲಿಟ್ಟಿದ್ದೀರಿ ಎನ್ನುವುದನ್ನು ಮಾತ್ರ ಅದರಲ್ಲಿ ಬರೆಯಬೇಡಿ, ನೋಡಿಕೊಳ್ಳುವವರ ಕಿವಿಯಲ್ಲಿ ಹೇಳಿ. ನಮ್ಮ ಮಕ್ಕಳಿಗೆ ಓದಲು ಚೆನ್ನಾಗಿ ಬರುತ್ತದೆ.